1956ರ ಬ್ಯಾಂಕಾಕಿನಲ್ಲಿ ರೌಡಿ ಯಾರು? ಒಂದು ಥಾಯ್ ಚಿತ್ರದ ಪ್ರಕರಣ ಅಧ್ಯಯನ

1997ರಲ್ಲಿ ಥಾಯ್ಲೆಂಡಿನಲ್ಲಿ ಒಂದು ರೌಡಿ ಚಿತ್ರ ಬಂತು. ಹೆಸರು '2499 ಅಂತಪಾನ್ ಕ್ರೋಂಗ್ ಮುವಾಂಗ್'. ಪುಂಡರು ಊರಾಳಿದ ಕಾಲ ಎಂದಿಟ್ಟುಕೊಳ್ಳಿ. 2499 ಬುದ್ಧ ಶಕೆಯ ವರ್ಷ, ನಮ್ಮ ಲೆಕ್ಕದಲ್ಲಿ 1956. ಹೊರದೇಶಗಳಿಗೆ ಇದು ಹೋಗಿದ್ದು 'ಡೇಂಗ್ ಬೈರ್‌ಲೀಸ್ ಆಂಡ್ ಯಂಗ್ ಗ್ಯಾಂಗ್‌ಸ್ಟರ್ಸ್' ಎಂಬ ಹೆಸರಿನಲ್ಲಿ. ನಿರ್ದೇಶಕ ನೊನ್ಸೀ ನಿಮಿಬುತ್ರ್. ಅವರಿಗೆ ಇದು ಮೊದಲ ಚಿತ್ರ. ಚಿತ್ರಕಥೆ ವಿಸಿತ್ ಸಾಸನಾತಿಯೆಂಗ್ ಅವರದ್ದು. ಇಬ್ಬರೂ ಬ್ಯಾಂಕಾಕಿನ ಸಿಲ್ಪಾಕೋರ್ನ್ ಕಲಾ ವಿಶ್ವವಿದ್ಯಾಲಯದಲ್ಲಿ ಓದಿದವರು, ಜಾಹೀರಾತು ಲೋಕದಿಂದ ಸಿನಿಮಾಕ್ಕೆ ಬಂದವರು.

ಆಗ ಥಾಯ್ ಚಿತ್ರರಂಗ ನೆಲಕಚ್ಚಿತ್ತು. ಹಾಲಿವುಡ್ ಚಿತ್ರಗಳು ಚಿತ್ರಮಂದಿರ ತುಂಬಿದ್ದವು. ಉಳಿದಿದ್ದು ಹದಿಹರೆಯದವರ ಹಾಸ್ಯ ಚಿತ್ರಗಳು ಮಾತ್ರ. ಅಂಥ ಹೊತ್ತಿನಲ್ಲಿ ಈ ಚಿತ್ರ 7.5 ಕೋಟಿ ಬಾತ್‌ಗೂ (ಬಾತ್ ಥಾಯ್ ನಾಣ್ಯ) ಜಾಸ್ತಿ ಗಳಿಸಿ ದಾಖಲೆ ಮಾಡಿತು. ಅದೇ ವರ್ಷ ಜುಲೈ 2ರಂದು ಬಾತ್ ಕುಸಿದು ದೇಶದ ಹಣಕಾಸು ಉರುಳಿಬಿತ್ತು. ಆದರೂ ಈ ಚಿತ್ರ ತೆರೆದ ದಾರಿಯಲ್ಲಿ ಹೊಸ ನಿರ್ದೇಶಕರ ಒಂದು ಪೀಳಿಗೆಯೇ ಬಂತು. ನೊನ್ಸೀ 1999ರಲ್ಲಿ ಹಳೆಯ ದೆವ್ವದ ಕಥೆಯೊಂದನ್ನು ತೆರೆಗೆ ತಂದು ತಮ್ಮ ದಾಖಲೆಯನ್ನೇ ಮುರಿದರು. ವಿಸಿತ್ 2000ದಲ್ಲಿ ತಾವೇ ನಿರ್ದೇಶಕರಾದರು.

ಈ ಚಿತ್ರವನ್ನು ಪ್ರಕರಣವಾಗಿ ಎತ್ತಿಕೊಳ್ಳಲು ಕಾರಣ ಇದೆ. 1950ರ ದಶಕದ ಬ್ಯಾಂಕಾಕ್ ಹೇಗಿತ್ತು ಎಂದು ಒಂದು ಇಡೀ ಪೀಳಿಗೆ ಕಲ್ಪಿಸಿಕೊಂಡಿದ್ದೇ ಇದರಿಂದ. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಬಿಗಿ ಪ್ಯಾಂಟು, ಎಲ್ವಿಸ್ ಹಾಡು, ಬಾಟಲಿ ಬಾಂಬು. ಹೀಗಿರುವಾಗ ಆ ಚಿತ್ರದೊಳಗೆ ಯಾರಿದ್ದಾರೆ, ಯಾರಿಲ್ಲ ಎಂದು ಕೇಳಲೇಬೇಕು. ನನ್ನ ಮಾತು ಇಷ್ಟು: ಆ ನಗರದ ಚೀನೀಯರು, ಈಶಾನ್ಯದ ಇಸಾನ್ ಪ್ರದೇಶದಿಂದ ಬಂದ ಕೂಲಿಗಳು, ಹೆಂಗಸರು, ಸಮವಸ್ತ್ರದ ಗೂಂಡಾಗಳು ಅಂಚಿಗೆ ಹೋದಾಗ ಬರೀ ಬಣ್ಣ ಕಡಿಮೆಯಾಗಲಿಲ್ಲ. ಅಪರಾಧ ಎಲ್ಲಿಂದ ಬಂತು ಎಂಬ ಉತ್ತರವೇ ಬದಲಾಯಿತು. ಮತ್ತು ಬದಲಾದ ಆ ಉತ್ತರ, ಅಂದಿನ ಸರ್ವಾಧಿಕಾರಿ ಕೊಟ್ಟ ಉತ್ತರಕ್ಕೆ ತುಂಬ ಹತ್ತಿರವಾಗಿದೆ.

ಚಿತ್ರದೊಳಗೆ

ಕಥೆಯ ನಡುವೆ ಇರುವವನು ಡೇಂಗ್. ಬೈರ್‌ಲೀಸ್ ಅನ್ನುವುದು ಆಗ ಅಲ್ಲಿ ಮಾರಾಟವಾಗುತ್ತಿದ್ದ ಕಿತ್ತಳೆ ಪಾನೀಯ. ಅದೇ ಅವನ ಅಡ್ಡಹೆಸರು. ತಾಯಿ ಮೈ ಮಾರಿ ಬದುಕುವವಳು. ಇನ್ನೂ ಹುಡುಗನಾಗಿರುವಾಗಲೇ, ತಾಯಿಯನ್ನು ಹಿಂಸಿಸಿದ ಗಂಡಸನ್ನು ಕೊಲ್ಲುತ್ತಾನೆ. ಅವನ ಆರಾಧ್ಯ ದೈವ ಜೇಮ್ಸ್ ಡೀನ್. ಡೀನ್ ತೀರಿಕೊಂಡಿದ್ದು 1955ರ ಸೆಪ್ಟೆಂಬರಿನಲ್ಲಿ. ಹಾಗಾಗಿ 1956ರ ಬ್ಯಾಂಕಾಕಿನ ಹುಡುಗನಿಗೆ ಆತ ಆಗಷ್ಟೇ ಸತ್ತ ನಾಯಕ. ಡೇಂಗ್ ಸುತ್ತ ಗೆಳೆಯರು, ಆಮೇಲೆ ಎದುರಾಳಿಗಳು. ಬೀದಿಯ ಹೆಸರು ಹೊತ್ತ ಪಿಯಾಕ್ ವಿಸುತ್‌ಕಸಾತ್, ಪೆಟ್ರೋಲ್ ಕಂಪನಿಯ ಹೆಸರಿನ ದಾಮ್ ಎಸ್ಸೊ, ಬಾಟಲಿ ಬಾಂಬಿನ ಪು. ಇವರು ಕಟ್ಟುಕಥೆಯವರಲ್ಲ, ಆ ಕಾಲದಲ್ಲಿ ನಿಜವಾಗಿ ಬದುಕಿದ್ದವರು. ಸುರಿಯನ್ ಸಕ್‌ಥೈಸೊಂಗ್ ಎಂಬುವರು ಅವರ ಬಗ್ಗೆ ಬರೆದ ಪುಸ್ತಕವೇ ಚಿತ್ರಕ್ಕೆ ಆಧಾರ. ಕಥೆ ಹೇಳುವವನು ಪಿಯಾಕ್.

ಡೇಂಗ್ ಪಾತ್ರ ಮಾಡಿದ ಜೆಸದಾಪೋರ್ನ್ ಪೋನ್‌ಡೀ ಇದರಿಂದಲೇ ತಾರೆಯಾದರು. ಚಿತ್ರ ನೋಡಿದವರಿಗೆ ಮರೆಯಲಾಗದ್ದು ಆ ಹುಡುಗರ ಗೆಳೆತನ, ಅದು ಒಡೆಯುವ ರೀತಿ. ಅದನ್ನು ನಾನೂ ಮನಸಾರೆ ಒಪ್ಪುತ್ತೇನೆ. ಬೆಳಕು, ಬಣ್ಣ, ಬಟ್ಟೆ, ಹಳೆಯ ಕಾರು, ಎಲ್ಲದರಲ್ಲೂ ಕಸುಬು ಗೊತ್ತಿದ್ದವರ ಕೈ ಕಾಣುತ್ತದೆ. ಬಡ ತಾಯಿಯ ಮಗ ಎಂಬ ಎಳೆಯನ್ನು ಚಿತ್ರ ಕೊನೆವರೆಗೂ ಬಿಡುವುದಿಲ್ಲ. ವರ್ಗದ ಪ್ರಶ್ನೆಗೆ ಅದು ಕುರುಡಲ್ಲ.

ಆದರೆ ಆ ಅಡ್ಡಹೆಸರುಗಳನ್ನು ಒಮ್ಮೆ ಜೋಡಿಸಿ ನೋಡಿ. ಪಾನೀಯ, ಪೆಟ್ರೋಲು, ಬೀದಿ. ಒಬ್ಬನ ಮನೆಯಲ್ಲಿ ಯಾವ ಮಾತು ಆಡುತ್ತಾರೆ, ಅವನ ಅಜ್ಜ ಯಾವ ಊರಿನಿಂದ ಬಂದ ಅನ್ನುವುದು ಈ ಕಥೆಗೆ ಬೇಕಾಗುವುದೇ ಇಲ್ಲ. ಎಲ್ಲರೂ ಸುಮ್ನೆ ಬ್ಯಾಂಕಾಕಿನ ಹುಡುಗರು. 1956ರ ಬ್ಯಾಂಕಾಕಿನಲ್ಲಿ ಅದು ಅಷ್ಟು ಸುಲಭ ಇರಲಿಲ್ಲ.

ಯಾವ್ವರಾತ್ ಇಲ್ಲದ ಬ್ಯಾಂಕಾಕ್

ಆಗಿನ ಬ್ಯಾಂಕಾಕಿನಲ್ಲಿ ಚೀನೀ ಮೂಲದವರು ಒಂದು ಮೂಲೆಯ ಅಲ್ಪಸಂಖ್ಯಾತರಾಗಿರಲಿಲ್ಲ. ಊರಿನ ಅರ್ಧದಷ್ಟು ಜನ ಅವರೇ ಎಂದು ಆ ಕಾಲದ ಸಂಶೋಧಕರು ಅಂದಾಜು ಮಾಡಿದ್ದರು. ಹೆಚ್ಚಿನವರು ತಿಯೋಚಿಯು ಎಂಬ ಚೀನೀ ನುಡಿ ಮಾತಾಡುವವರು. ಯಾವ್ವರಾತ್ ರಸ್ತೆ, ಸಂಪೆಂಗ್ ಗಲ್ಲಿಗಳು ಅವರ ಹೃದಯ. ಅಕ್ಕಿ ಗಿರಣಿ, ಬ್ಯಾಂಕು, ಚಿನ್ನದಂಗಡಿ ಅವರಲ್ಲಿ ಕೆಲವರದ್ದು. ಹಡಗುಕಟ್ಟೆಯ ಕೂಲಿ, ಕೈಗಾಡಿ, ಬೀದಿ ಬದಿಯ ನೂಡಲ್ಸ್ ಉಳಿದ ಬಹಳಷ್ಟು ಜನರದ್ದು.

ಅದೇ ಹೊತ್ತಿನಲ್ಲಿ ಸರ್ಕಾರ ಅವರನ್ನು ಹಿಂಡುತ್ತಿತ್ತು. ಪ್ರಧಾನಿ ಪಿಬುನ್ ಸೊಂಗ್‌ಖ್ರಾಮ್ 1938ರಿಂದಲೇ ಥಾಯ್ ರಾಷ್ಟ್ರೀಯತೆಯ ಹೆಸರಿನಲ್ಲಿ ಚೀನೀ ಶಾಲೆಗಳನ್ನು ಮುಚ್ಚಿಸುತ್ತಾ ಬಂದಿದ್ದ. 1940ರ ದಶಕದ ಕೊನೆಗೆ ಚೀನಾದಿಂದ ಬರುವವರ ಮಿತಿಯನ್ನು ವರ್ಷಕ್ಕೆ 10,000ದಿಂದ ಬರೀ 200ಕ್ಕೆ ಇಳಿಸಿದರು. 1952ರಲ್ಲಿ ವಿದೇಶಿಯರ ವಾರ್ಷಿಕ ನೋಂದಣಿ ಶುಲ್ಕವನ್ನು ಒಮ್ಮೆಲೇ 400 ಬಾತ್‌ಗೆ ಏರಿಸಿದರು. ಕೈಗಾಡಿ ಎಳೆಯುವವನಿಗೆ ಅದು ದೊಡ್ಡ ಮೊತ್ತ. ಕಟ್ಟಲಾಗದವನು ಪೊಲೀಸರ ಕೈಗೆ ಸಿಗುತ್ತಿದ್ದ, ಲಂಚ ಕೊಟ್ಟು ಬಿಡಿಸಿಕೊಳ್ಳುತ್ತಿದ್ದ.

ದೊಡ್ಡ ವ್ಯಾಪಾರಿಗಳ ದಾರಿ ಬೇರೆ. ತಮ್ಮ ಕಂಪನಿಗಳ ಆಡಳಿತ ಮಂಡಳಿಗೆ ಪೊಲೀಸ್ ಮತ್ತು ಸೇನೆಯ ಅಧಿಕಾರಿಗಳನ್ನು ಕರೆದು ಕೂರಿಸಿದರು. ಅವರು ಬಂಡವಾಳ ಹಾಕುತ್ತಿರಲಿಲ್ಲ, ಲಾಭದ ಪಾಲು ಮಾತ್ರ ಒಯ್ಯುತ್ತಿದ್ದರು. ಬದಲಿಗೆ ರಕ್ಷಣೆ. ನಮ್ಮ ಭಾಷೆಯಲ್ಲಿ ಇದಕ್ಕೆ ಹಫ್ತಾ ಎನ್ನುತ್ತೇವೆ. ಬೀದಿಯ ಅಂಗಡಿಯಿಂದ ವಾರಕ್ಕಿಷ್ಟು ವಸೂಲಿ ಮಾಡುವ ಹುಡುಗನ ಮೇಲೆ ಕ್ಯಾಮೆರಾ ಇಟ್ಟರೆ ಅದು ರೌಡಿ ಚಿತ್ರ. ಆದರೆ ಆ ಹುಡುಗ ಮಾಡುತ್ತಿದ್ದುದು ಮೇಲಿನವರು ಮಾಡುತ್ತಿದ್ದ ಕೆಲಸದ ಚಿಕ್ಕ ನಕಲು ಅಷ್ಟೇ. ಇದು ಗೊತ್ತಾಗಬೇಕಾದರೆ ಯಾವ್ವರಾತಿನ ಅಂಗಡಿಯವನ ಕಡೆಯಿಂದ ನೋಡಬೇಕು. ಕೆಳಗಿನಿಂದಲೂ ಮೇಲಿನಿಂದಲೂ ಕೈ ಚಾಚಿದ್ದನ್ನು ಕಂಡವನು ಅವನೊಬ್ಬನೇ.

ಅಫೀಮಿನ ವಿಷಯವೂ ಹಾಗೇ. ಬ್ಯಾಂಕಾಕಿನಲ್ಲಿ ಅಫೀಮು ಸೇದುವುದು ಆಗ ಕಾನೂನುಬದ್ಧ, ಮಾರಾಟದ ಏಕಸ್ವಾಮ್ಯ ಸರ್ಕಾರದ್ದೇ. ಹೆಂಗ್ ಲಕ್ ಹುಂಗ್ ಎಂಬ ಅಫೀಮು ಮನೆ ಜಗತ್ತಿನಲ್ಲೇ ದೊಡ್ಡದೆಂದು ಹೆಸರಾಗಿತ್ತು. ಅಲ್ಲಿಗೆ ಹೋಗುತ್ತಿದ್ದವರಲ್ಲಿ ಮೈ ನುಗ್ಗಾದ ಚೀನೀ ಕೂಲಿಗಳು ಬಹಳ. ಕಳ್ಳಸಾಗಣೆಯ ಅಫೀಮು ಬರುತ್ತಿದ್ದುದು ಬರ್ಮಾದ ಶಾನ್ ಬೆಟ್ಟಗಳಿಂದ. ಕಮ್ಯುನಿಸ್ಟರಿಗೆ ಸೋತು ಚೀನಾದಿಂದ ಓಡಿಬಂದ ಕುವೊಮಿಂಟಾಂಗ್ ಪಕ್ಷದ ಸೈನಿಕರು ಅದನ್ನು ಗಡಿಗೆ ತರುತ್ತಿದ್ದರು. ಗಡಿಯಿಂದ ಈಚೆಗೆ ಅದಕ್ಕೆ ಕಾವಲು ಥಾಯ್ ಪೊಲೀಸರದ್ದು. ಪೊಲೀಸ್ ಮುಖ್ಯಸ್ಥ ಪಾವ್ ಸಿಯಾನೊನ್. ಅವನ ಪಡೆಗೆ ಆಯುಧ, ವಿಮಾನ ಕೊಟ್ಟದ್ದು ಅಮೆರಿಕದ ಸಿಐಎ, ಸೀ ಸಪ್ಲೈ ಎಂಬ ಕಂಪನಿಯ ಮರೆಯಲ್ಲಿ. 1955ರಲ್ಲಿ ಗಡಿ ಪೊಲೀಸರು 20 ಟನ್ ಅಫೀಮು ಹಿಡಿದೆವು ಎಂದರು. ಸುಳಿವು ಕೊಟ್ಟವರಿಗೆ ಎಂದು ಖಜಾನೆಯಿಂದ ಭಾರಿ ಬಹುಮಾನದ ಹಣ ಹೋಯಿತು. ಅದು ಎಲ್ಲಿಗೆ ಸೇರಿತು ಎಂಬ ಪ್ರಶ್ನೆ ದೊಡ್ಡ ಹಗರಣವಾಯಿತು.

ಇಷ್ಟೆಲ್ಲ ನಡೆಯುತ್ತಿದ್ದ ಊರಿನಲ್ಲಿ ಡೇಂಗ್ ಮತ್ತು ಗೆಳೆಯರು ಚಾಕು, ಬಾಟಲಿ, ಪಿಸ್ತೂಲು ಹಿಡಿದು ಓಡಾಡುತ್ತಿದ್ದರು. ಅವರ ಕಥೆ ಸುಳ್ಳಲ್ಲ. ಆದರೆ ಆ ಊರಿನ ಅಪರಾಧದ ಇಡೀ ಗಾತ್ರ ನೋಡಿದರೆ ಅವರು ಒಂದು ಸಣ್ಣ ಮೂಲೆ.

ಸರ್ಕಾರಕ್ಕೆ ಬೇಕಾಗಿದ್ದ ಪುಂಡರು, ಬೇಡವಾದ ಪುಂಡರು

1957ರ ಫೆಬ್ರವರಿಯಲ್ಲಿ ಥಾಯ್ಲೆಂಡಿನಲ್ಲಿ ಚುನಾವಣೆ ನಡೆಯಿತು. ಆ ದೇಶದ ಇತಿಹಾಸದಲ್ಲೇ ಅತಿ ಕೊಳಕು ಚುನಾವಣೆ ಎಂಬ ಹೆಸರು ಅದಕ್ಕೆ. ಪಿಬುನ್ ಮತ್ತು ಪಾವ್ ಇದ್ದ ಸೇರಿ ಮನಂಗಸಿಲಾ ಪಕ್ಷಕ್ಕೆ ಬೀದಿ ಪುಂಡರು ಕೆಲಸ ಮಾಡಿದರು. ಮತದಾರರನ್ನು ಹೆದರಿಸಿದರು, ಎದುರಾಳಿಗಳನ್ನು ಹೊಡೆದರು. ಆಗ ಸರ್ಕಾರ ಇವರನ್ನು ಪುಂಡರು ಅನ್ನಲಿಲ್ಲ, ನಾಲ್ಕು ಜನರ ಬಳಕೆ ಇರುವ ಪ್ರಭಾವಿಗಳು ಎಂಬರ್ಥದ ಗೌರವದ ಮಾತಿನಿಂದ ಕರೆಯಿತು. ವಿದ್ಯಾರ್ಥಿಗಳು ಬೀದಿಗಿಳಿದರು.

ಅದೇ ವರ್ಷ ಸೆಪ್ಟೆಂಬರ್ 16ರಂದು ಸೇನಾಧಿಪತಿ ಸರಿತ್ ಥನರತ್ ದಂಗೆ ಎದ್ದ. ಪಾವ್ ಸ್ವಿಟ್ಜರ್ಲೆಂಡಿಗೆ ಓಡಿದ. 1958ರ ಅಕ್ಟೋಬರ್ 20ರಂದು ಸರಿತ್ ಮತ್ತೊಮ್ಮೆ ದಂಗೆ ನಡೆಸಿ ಸಂವಿಧಾನವನ್ನೇ ಕಿತ್ತೆಸೆದ. ದೇಶಕ್ಕೆ ಶಿಸ್ತು ತರುತ್ತೇನೆ ಎಂದ. ಬಿಗಿ ಪ್ಯಾಂಟು, ಉದ್ದ ಕೂದಲು, ರಾಕ್ ಅಂಡ್ ರೋಲ್ ಅವನ ಕಣ್ಣಿಗೆ ಅವ್ಯವಸ್ಥೆಯ ಗುರುತಾದವು. ಪುಂಡರು ಎಂದು ಪಟ್ಟಿ ಮಾಡಿ ಹುಡುಗರನ್ನು ಹಿಡಿದು ಒಳಗೆ ಹಾಕಿದರು. ವಿಚಾರಣೆ ಇಲ್ಲ, ವಕೀಲ ಇಲ್ಲ.

ಚಿತ್ರದಲ್ಲಿ ಈ ಬೇಟೆ ಇದೆ. ಅದರಿಂದ ತಪ್ಪಿಸಿಕೊಳ್ಳಲು ಗುಂಪು ಬ್ಯಾಂಕಾಕ್ ಬಿಡುತ್ತದೆ. ಕಥೆಯ ತಿರುವೇ ಅದು. ಹುಡುಗರ ಬಗ್ಗೆ ಚಿತ್ರಕ್ಕೆ ಕರುಣೆ ಇದೆ, ಸರಿತ್‌ಗೆ ಇರಲಿಲ್ಲ. ದೊಡ್ಡ ವ್ಯತ್ಯಾಸವೇ. ಆದರೆ ಊರಿನ ಗೂಂಡಾಗಿರಿ ಎಂದರೆ ಯಾರು ಎಂದು ಕೇಳಿದರೆ ಇಬ್ಬರ ಬೆರಳೂ ಒಂದೇ ಕಡೆ ಹೋಗುತ್ತದೆ: ಜೇಮ್ಸ್ ಡೀನ್ ಥರ ಕೂದಲು ಬಾಚಿದ ಹುಡುಗರ ಕಡೆ.

ಸರಿತ್ ನಿಜವಾಗಿ ಯಾರನ್ನು ಕೊಲ್ಲಿಸಿದ ಎಂದು ನೋಡಿದರೆ ಈ ಚಿತ್ರದಲ್ಲಿ ಕಾಣದ ಮುಖಗಳು ಸಿಗುತ್ತವೆ. 1958ರ ಕೊನೆಗೆ ಬೆಂಕಿ ಅನಾಹುತಗಳಾದಾಗ, ಬೆಂಕಿ ಹಚ್ಚಿದರು ಎಂಬ ಆರೋಪ ಹೊತ್ತ ಚೀನೀ ಮೂಲದವರನ್ನು ನ್ಯಾಯಾಲಯದ ಮುಖ ತೋರಿಸದೆ ಗುಂಡಿಟ್ಟು ಕೊಲ್ಲಿಸಿದ. 1959ರ ಮಧ್ಯಂತರ ಸಂವಿಧಾನದ 17ನೇ ವಿಧಿ ಇಂಥ ಕೊಲೆಗೆ ಕಾನೂನಿನ ಬಟ್ಟೆ ತೊಡಿಸಿತು. 1961ರ ಮೇ 31ರಂದು ಈಶಾನ್ಯದ ಸಕೊನ್ ನಖೊನ್‌ನಲ್ಲಿ ಕ್ರೊಂಗ್ ಚಂದಾವೊಂಗ್ ಎಂಬ ಮಾಜಿ ಸಂಸದನನ್ನು ಹೀಗೇ ಕೊಂದರು. 1963ರಲ್ಲಿ ಸರಿತ್ ಸತ್ತಮೇಲೆ ಅವನ ಆಸ್ತಿ ಲೆಕ್ಕ ಹಾಕಿದಾಗ ಸರ್ಕಾರದ ಕೋಟಿಗಟ್ಟಲೆ ಹಣ ನುಂಗಿದ್ದು ಹೊರಬಿತ್ತು. ಪುಂಡರನ್ನು ಹಿಡಿದು ಊರು ಸ್ವಚ್ಛ ಮಾಡಿದವನು ಎಂಬ ಹೊಗಳಿಕೆ ಮಾತ್ರ ಇವತ್ತಿಗೂ ಅಲ್ಲಲ್ಲಿ ಕೇಳಿಸುತ್ತದೆ. ಆ ಹೊಗಳಿಕೆಗೆ ಎದುರು ನಿಲ್ಲುವ ಶಕ್ತಿ ಒಂದು ಜನಪ್ರಿಯ ಚಿತ್ರಕ್ಕಿತ್ತು, ಅದು ಬಳಸಿಕೊಳ್ಳಲಿಲ್ಲ ಎಂಬುದೇ ನನ್ನ ಸಂಕಟ.

ಇಸಾನ್

ಇಸಾನ್ ಎಂದರೆ ಥಾಯ್ಲೆಂಡಿನ ಈಶಾನ್ಯ. ಬರದ ನಾಡು. ಅಲ್ಲಿನ ಜನ ಆಡುವುದು ಲಾವೊ ನುಡಿ. 1950ರ ದಶಕದಲ್ಲಿ ಹೊಲದ ಕೆಲಸ ಇಲ್ಲದ ತಿಂಗಳುಗಳಲ್ಲಿ ಅಲ್ಲಿಂದ ಗಂಡಸರು ಗುಂಪು ಗುಂಪಾಗಿ ಬ್ಯಾಂಕಾಕಿಗೆ ಬಂದರು. ಹೆಚ್ಚಿನವರು ಸಾಮ್‌ಲೊ ತುಳಿದರು, ಅಂದರೆ ಮೂರು ಗಾಲಿಯ ಸೈಕಲ್ ರಿಕ್ಷಾ. ಅಮೆರಿಕದ ನೆರವಿನಿಂದ ಸರಬುರಿಯಿಂದ ಕೊರಾಟ್‌ವರೆಗೆ ಕಟ್ಟಿದ ಮಿತ್ರಪಾಪ್ ಹೆದ್ದಾರಿ 1958ರಲ್ಲಿ ತೆರೆದ ಮೇಲೆ ದಾರಿ ಇನ್ನೂ ಸಲೀಸಾಯಿತು. ಅಷ್ಟರಲ್ಲಿ ಸರಿತ್‌ಗೆ ಸಾಮ್‌ಲೊ ರಾಜಧಾನಿಯ ಅಂದ ಕೆಡಿಸುವ ವಸ್ತುವಾಗಿ ಕಂಡಿತು. 1960ರ ಮೊದಲ ದಿನದಿಂದ ಬ್ಯಾಂಕಾಕಿನಲ್ಲಿ ನಿಷೇಧ. ಸಾವಿರಾರು ಜನರ ಅನ್ನ ಹೋಯಿತು.

ಆ ಕಾಲದ ಬ್ಯಾಂಕಾಕ್ ಬೀದಿ ಎಂದರೆ ಸಾಮ್‌ಲೊ ಇರಲೇಬೇಕು. ಹಳೆಯ ಕಾಲದ ಕಥೆ ಹೇಳುವ ಚಿತ್ರಗಳಲ್ಲಿ ಅದು ಹಿನ್ನೆಲೆಯ ಅಲಂಕಾರ. ತುಳಿಯುವವನಿಗೆ ಮಾತಿಲ್ಲ. ಇದು ಈ ಒಂದು ಚಿತ್ರದ ದೋಷವಲ್ಲ. ಥಾಯ್ ಸಿನಿಮಾ, ಟಿವಿ ಧಾರಾವಾಹಿಗಳಲ್ಲಿ ಇಸಾನ್ ಉಚ್ಚಾರಣೆ ಎಂದರೆ ಬಹಳ ಕಾಲ ಮನೆಗೆಲಸದವಳು, ಕಾರು ಚಾಲಕ, ನಗಿಸುವವನು. ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗ ಇರುವ ಪ್ರದೇಶದ ಜನಕ್ಕೆ ಇಷ್ಟೇ ಪಾಲು.

1949ರ ಮಾರ್ಚಿನಲ್ಲಿ ನಾಲ್ವರು ಮಾಜಿ ಮಂತ್ರಿಗಳನ್ನು ಪೊಲೀಸರು ಒಂದು ಜೈಲಿನಿಂದ ಇನ್ನೊಂದಕ್ಕೆ ಸಾಗಿಸುತ್ತೇವೆ ಎಂದು ಕರೆದುಕೊಂಡು ಹೋಗಿ ದಾರಿಯಲ್ಲಿ ಗುಂಡಿಟ್ಟು ಕೊಂದರು. ಅವರಲ್ಲಿ ಮೂವರು ಇಸಾನಿನವರು. ಆ ಪೊಲೀಸರ ಹಿಂದೆ ಇದ್ದವನು ಪಾವ್. 1956ರ ಗ್ಯಾಂಗ್‌ಸ್ಟರ್ ಕಥೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಹಿನ್ನೆಲೆ ಬೇಕಾ?

ತಾಯಿ ಮತ್ತು ಹಾಡುಗಾರ್ತಿ

ಹೆಂಗಸರ ವಿಷಯ ಸ್ವಲ್ಪ ಬೇರೆ. ಇಲ್ಲಿ ಅವರು ಇಲ್ಲ ಎನ್ನುವಂತಿಲ್ಲ. ಡೇಂಗ್‌ನ ತಾಯಿ ಇದ್ದಾಳೆ. ಪ್ರೇಯಸಿ ವಲ್ಲಪಾ ಇದ್ದಾಳೆ, ಹಾಡುಗಾರ್ತಿ. ಇಬ್ಬರಿಗೂ ಕೆಲಸ ಇದೆ, ದುಡಿದು ತಿನ್ನುತ್ತಾರೆ. ರೌಡಿ ಚಿತ್ರಗಳಲ್ಲಿ ಇದೇ ಅಪರೂಪ.

ತೊಂದರೆ ಇರುವುದು ಅವರ ಬದುಕು ಯಾವ ಕೆಲಸಕ್ಕೆ ಬಳಕೆಯಾಗುತ್ತದೆ ಎಂಬಲ್ಲಿ. ತಾಯಿಯ ಕಸುಬು ಮಗನ ಸಿಟ್ಟಿಗೆ ಕಾರಣ ಒದಗಿಸುತ್ತದೆ. ಆ ಕಸುಬನ್ನು ಅವಳು ಹೇಗೆ ಕಂಡಳು, ಯಾರಿಗೆ ಪಾಲು ಕೊಟ್ಟಳು, ಪೊಲೀಸರಿಗೆ ಎಷ್ಟು ಹೋಯಿತು ಎಂಬಲ್ಲಿಗೆ ಕಥೆ ಕಾಲಿಡುವುದಿಲ್ಲ. ಅವಳೇ ಆ ಊರಿನ ಅಪರಾಧವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು, ಅಲ್ವಾ? ಸರಿತ್ ಸರ್ಕಾರ 1960ರಲ್ಲಿ ವೇಶ್ಯಾವೃತ್ತಿ ನಿಷೇಧ ಕಾಯ್ದೆ ತಂದಿತು. ಶಿಕ್ಷೆ ಬಿದ್ದಿದ್ದು ಮುಖ್ಯವಾಗಿ ಹೆಂಗಸರಿಗೆ. ಕೆಲವೇ ವರ್ಷಗಳಲ್ಲಿ ಅಮೆರಿಕದ ಸೈನಿಕರು ಬಂದು ತುಂಬಿಕೊಂಡಾಗ, 1966ರಲ್ಲಿ ಮನರಂಜನಾ ಸ್ಥಳಗಳಿಗೆ ಪರವಾನಗಿ ಕೊಡುವ ಇನ್ನೊಂದು ಕಾಯ್ದೆ ಬಂತು. ಬಾರು, ಮಸಾಜ್ ಮನೆಗಳ ಹೆಸರಿನಲ್ಲಿ ಅದೇ ವ್ಯವಹಾರ ಬೆಳೆಯಿತು. ಡೇಂಗ್‌ನ ತಾಯಿಯಂಥವರು ಈ ಎರಡೂ ಕಾನೂನುಗಳ ನಡುವೆ ಬದುಕಿದವರು.

ಮಗ ಕಾವಿ ಉಟ್ಟು ಸನ್ಯಾಸಿಯಾಗಬೇಕು ಎಂಬುದು ತಾಯಿಯ ಆಸೆ. ಕಥೆಯ ಕೊನೆಯ ಭಾಗ ಈ ಆಸೆಯ ಸುತ್ತ ತಿರುಗುತ್ತದೆ. ಥಾಯ್ ಬೌದ್ಧರಲ್ಲಿ ಒಂದು ನಂಬಿಕೆ ಇದೆ. ಮಗ ಭಿಕ್ಷುವಾದರೆ ಆ ಪುಣ್ಯದಿಂದ ತಾಯಿ, ಅವನ ಹಳದಿ ವಸ್ತ್ರದ ಅಂಚು ಹಿಡಿದು ಸ್ವರ್ಗಕ್ಕೆ ಹೋಗುತ್ತಾಳೆ. ಹೆಣ್ಣಿಗೆ ನೇರ ದಾರಿ ಇಲ್ಲ. ಹೆಂಗಸರಿಗೆ ಭಿಕ್ಷುಣಿ ದೀಕ್ಷೆ ಕೊಡಬಾರದು ಎಂದು ಥಾಯ್ ಸಂಘದ ವರಿಷ್ಠರು 1928ರಲ್ಲೇ ಆದೇಶ ಹೊರಡಿಸಿದ್ದರು. ಇದನ್ನು ತಿಳಿದು ನೋಡಿದರೆ ಆ ತಾಯಿಯ ಹಂಬಲದ ತೂಕವೇ ಬೇರೆ. ಜೀವನವಿಡೀ ಪಾಪಿ ಎನಿಸಿಕೊಂಡ ಹೆಂಗಸಿಗೆ ಉಳಿದಿರುವ ಒಂದೇ ಬಾಗಿಲು ಮಗ. ಚಿತ್ರ ಅದನ್ನು ಮಗನ ದುರಂತವಾಗಿ ಹೇಳುತ್ತದೆ. ತಾಯಿಯ ದುರಂತವಾಗಿ ಹೇಳಿದ್ದರೆ ಇನ್ನೂ ಎತ್ತರಕ್ಕೆ ಹೋಗುತ್ತಿತ್ತು ಎಂದು ನನ್ನ ನಂಬಿಕೆ.

ಉಳಿದವರ ಬಗ್ಗೆ ಎರಡು ಮಾತು. ಬ್ಯಾಂಕಾಕಿನ ಸೇನ್ ಸೇಪ್ ಕಾಲುವೆಯ ದಡದಲ್ಲಿ ಬಾನ್ ಕ್ರುವಾ ಎಂಬ ಕೇರಿ ಇದೆ. ಅಲ್ಲಿನ ಚಾಮ್ ಮುಸ್ಲಿಮರು ಆ ವರ್ಷಗಳಲ್ಲಿ ಅಮೆರಿಕದ ವ್ಯಾಪಾರಿ ಜಿಮ್ ಥಾಂಪ್ಸನ್‌ಗೆ ರೇಷ್ಮೆ ನೇಯುತ್ತಿದ್ದರು. ಬ್ಯಾಂಕಾಕಿನ ಪಾಹುರಾತ್ ಪೇಟೆಯಲ್ಲಿ ಸಿಖ್ ಬಟ್ಟೆ ವ್ಯಾಪಾರಿಗಳಿದ್ದರು, ಗುರುದ್ವಾರ ಇತ್ತು. ಇವರೆಲ್ಲರನ್ನೂ ಒಂದೇ ಚಿತ್ರದಲ್ಲಿ ತುರುಕಬೇಕು ಎಂದು ನಾನು ಕೇಳುತ್ತಿಲ್ಲ. ಇನ್ನೊಂದು ವಿಷಯ: ಶೀರ್ಷಿಕೆಯಲ್ಲಿರುವ 2499ರಲ್ಲೇ ಥಾಯ್ಲೆಂಡ್ ಹೊಸ ದಂಡ ಸಂಹಿತೆ ಅಂಗೀಕರಿಸಿತು. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಹಳೆಯ ಕಲಮು ಅದರಲ್ಲಿ ಬಿದ್ದುಹೋಯಿತು.

ಯಾಕೆ ಹೀಗಾಯಿತು

ಮೊದಲ ಕಾರಣ ಆಧಾರ ಪುಸ್ತಕ. ಆ ಲೋಕ ಬಲ್ಲವರು ಆ ಹುಡುಗರ ಬಗ್ಗೆ ಬರೆದದ್ದು. ಚಿತ್ರದಲ್ಲಿ ಕಥೆ ಹೇಳುವವನೂ ಅದೇ ಗುಂಪಿನವನು. ಹಾಗಾಗಿ ಅವನು ಕಂಡಷ್ಟೇ ಊರು. ಇದನ್ನು ನ್ಯಾಯವಾದ ಆಯ್ಕೆ ಎಂದೇ ಒಪ್ಪಬಹುದು. ಒಬ್ಬನ ಕಣ್ಣಿನಿಂದ ಹೇಳುವ ಕಥೆ ಎಲ್ಲವನ್ನೂ ಹೇಳಬೇಕಿಲ್ಲ. ಆದರೆ ಶೀರ್ಷಿಕೆ ಇಡೀ ಊರಿನ ಹೆಸರು ಎತ್ತುತ್ತದೆ, ಇಡೀ ವರ್ಷದ ಹೆಸರು ಎತ್ತುತ್ತದೆ.

ಎರಡನೆಯದು ಸೆನ್ಸಾರ್. ನನಗೆ ಇದೇ ಮುಖ್ಯ ಕಾರಣ ಅನಿಸುತ್ತದೆ. 1997ರಲ್ಲಿ ಥಾಯ್ ಚಿತ್ರಗಳನ್ನು ಆಳುತ್ತಿದ್ದುದು 1930ರ ಚಲನಚಿತ್ರ ಕಾಯ್ದೆ. ಅದರ ಪ್ರಕಾರ ಸೆನ್ಸಾರ್ ಮಂಡಳಿ ಪೊಲೀಸ್ ಇಲಾಖೆಯ ಕೈಯಲ್ಲಿತ್ತು. ಪೊಲೀಸರೇ ಅಫೀಮು ಸಾಗಿಸಿದರು, ಪೊಲೀಸರೇ ಕೊಂದರು ಎಂದು ತೋರಿಸುವ ಚಿತ್ರ ಮೊದಲು ಪೊಲೀಸರ ಮುಂದೆ ಹೋಗಿ ಒಪ್ಪಿಗೆ ಪಡೆಯಬೇಕು. ಹೀಗಿದ್ದರೆ ಬರಹಗಾರ ಪೆನ್ನು ಎತ್ತುವ ಮುಂಚೆಯೇ ಅರ್ಧ ಕಥೆ ಕತ್ತರಿಸಿಕೊಳ್ಳುತ್ತಾನೆ. ಉಳಿಯುವುದು ಹುಡುಗರು, ಅವರ ಜಗಳ, ಅವರ ಗೆಳೆತನ. 2008ರಲ್ಲಿ ಹೊಸ ಕಾಯ್ದೆ ಬಂದು ವಯಸ್ಸಿನ ಶ್ರೇಣಿ ಪದ್ಧತಿ ಶುರುವಾಯಿತು. ಆದರೆ ನಿಷೇಧಿಸುವ ಅಧಿಕಾರ ಉಳಿದೇ ಇತ್ತು. ಅದನ್ನು ಬಳಸಿದ್ದೂ ಇದೆ.

ಮಾರುಕಟ್ಟೆಯ ಲೆಕ್ಕವೂ ಇತ್ತು. ಟಿಕೆಟ್ ಕೊಳ್ಳುತ್ತಿದ್ದುದು ನಗರದ ಮಾಲ್‌ಗಳಿಗೆ ಬರುವ ಹುಡುಗ ಹುಡುಗಿಯರು. ಅವರಿಗೆ ಬೇಕಾದದ್ದು ತಮ್ಮಂಥ ವಯಸ್ಸಿನ ಸುಂದರ ಮುಖಗಳು.

ಇನ್ನೊಂದು ಮಾತನ್ನು ನಿಧಾನವಾಗಿ ಹೇಳಬೇಕು. 1997ರ ಹೊತ್ತಿಗೆ ಥಾಯ್ ಚೀನೀಯರು ತುಳಿತಕ್ಕೆ ಒಳಗಾದವರು ಅನ್ನುವಂತಿರಲಿಲ್ಲ. 1975ರಲ್ಲಿ ಚೀನಾ ಜೊತೆ ರಾಜತಾಂತ್ರಿಕ ಸಂಬಂಧ ಕುದುರಿತ್ತು. ಪ್ರಧಾನಿಗಳಲ್ಲೇ ಚೀನೀ ಮೂಲದವರು ಇದ್ದರು. ವ್ಯಾಪಾರ, ಮಾಧ್ಯಮ, ಜಾಹೀರಾತು ಎಲ್ಲ ಕಡೆ ಅವರಿದ್ದರು. ಚೀನೀ ಅಜ್ಜನ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವ ಕಾಲ ಬಂದಿತ್ತು. ಆದರೆ ಆ ಹೆಮ್ಮೆ ಹೇಳಿದ್ದು ಒಂದೇ ಬಗೆಯ ಕಥೆ: ಚಾಪೆ, ದಿಂಬು ಹಿಡಿದು ಹಡಗಿನಿಂದ ಇಳಿದು ದುಡಿದು ಕೋಟ್ಯಧಿಪತಿಯಾದ ಕಥೆ. 400 ಬಾತ್ ಕಟ್ಟಲಾಗದೆ ಪೊಲೀಸರಿಂದ ತಲೆಮರೆಸಿಕೊಂಡವನ ಕಥೆ, ಅಫೀಮು ಮನೆಯಲ್ಲಿ ಸತ್ತವನ ಕಥೆ, ಬೆಂಕಿಯ ಆರೋಪದಲ್ಲಿ ಗುಂಡೇಟು ತಿಂದವನ ಕಥೆ ಗೆದ್ದವರಿಗೂ ಬೇಡವಾಗಿತ್ತು. ಅಧಿಕಾರಕ್ಕೆ ಹತ್ತಿರ ಬಂದ ಸಮುದಾಯವೇ ತನ್ನ ಬಡವರನ್ನು ಮರೆತರೆ, ತೆರೆಯ ಮೇಲೆ ಅವರನ್ನು ತರುವವರು ಯಾರು?

2012ರ ಎರಡನೇ ಪ್ರಯತ್ನ

ಹದಿನೈದು ವರ್ಷದ ಮೇಲೆ ಕೊಂಗ್‌ಕಿಯತ್ ಕೊಮ್‌ಸಿರಿ ಅದೇ ಜನರ ಮೇಲೆ ಇನ್ನೊಂದು ಚಿತ್ರ ಮಾಡಿದರು, 'ಅಂತಪಾನ್'. ಈ ಸಲ ನಡುವೆ ಇರುವವನು ಚೊಡ್. ಪಾತ್ರ ಮಾಡಿದವರು ಕೃಸಾದಾ ಸುಕೊಸೊನ್ ಕ್ಲಾಪ್, ಗಾಯಕ, ಅಮೆರಿಕನ್ ತಂದೆಯ ಮಗ. ಇಲ್ಲಿ ಹುಡುಗರ ಹೊಳಪಿಗಿಂತ ವಯಸ್ಸಾದ ರೌಡಿಯ ದಣಿವು ಜಾಸ್ತಿ.

ನನ್ನ ಗಮನ ಸೆಳೆದದ್ದು ಅದರ ಒಂದು ಉಪಾಯ. ಕಥೆಯ ನಡುವೆ ಆ ಕಾಲ ಕಂಡ ವೃದ್ಧರು ಕ್ಯಾಮೆರಾ ಮುಂದೆ ಕೂತು ನೆನಪು ಹೇಳುತ್ತಾರೆ. ಕಟ್ಟುಕಥೆಯ ನಡುವೆ ಊರಿನ ದನಿ ನುಗ್ಗುತ್ತದೆ. ರೌಡಿಯ ಗೆಳೆಯ ಮಾತ್ರ ಮಾತಾಡುತ್ತಿದ್ದ ಜಾಗದಲ್ಲಿ ರೌಡಿಯನ್ನು ದೂರದಿಂದ ಕಂಡವರೂ ಮಾತಾಡುತ್ತಾರೆ. ಚಿಕ್ಕ ಬದಲಾವಣೆ, ಆದರೆ ಸರಿಯಾದ ಕಡೆಗೆ. ಆದರೂ ಕಥೆ ಮತ್ತೆ ಅದೇ ಹುಡುಗರದ್ದು, ಹೆಸರುಗಳೂ ಅವೇ.

ಈ ಪ್ರಕರಣದಿಂದ ಚಿತ್ರಕಥೆ ಬರೆಯುವವರಿಗೆ ಹೇಳಬೇಕೆನಿಸುವುದು ಇಷ್ಟು. ಪ್ರಾತಿನಿಧ್ಯ ಎಂದಾಗ ಪ್ರತಿ ಗುಂಪಿನಿಂದ ಒಬ್ಬೊಬ್ಬರನ್ನು ತಂದು ನಿಲ್ಲಿಸುವ ಕೆಲಸ ಬೇಡ. ಅದು ಯಾರಿಗೂ ನ್ಯಾಯ ಕೊಡುವುದಿಲ್ಲ. ಬದಲಿಗೆ ಹಣ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹಿಡಿದು ಹೋಗಿ. 1956ರ ಬ್ಯಾಂಕಾಕಿನಲ್ಲಿ ಒಂದು ಬಾತ್ ನೋಟನ್ನು ಹಿಂಬಾಲಿಸಿದರೆ ಸಾಕು. ಸಾಮ್‌ಲೊ ತುಳಿಯುವವನ ಕೈಯಿಂದ ಅಫೀಮು ಮನೆಗೆ, ಅಂಗಡಿಯವನ ಗಲ್ಲಾದಿಂದ ಹುಡುಗನ ಜೇಬಿಗೆ, ತಾಯಿಯ ಸೆರಗಿನಿಂದ ಪೊಲೀಸ್ ಠಾಣೆಗೆ, ಠಾಣೆಯಿಂದ ಪಕ್ಷದ ಕಚೇರಿಗೆ. ದಾರಿಯುದ್ದಕ್ಕೂ ಊರಿನ ಎಲ್ಲ ಜನ ತಾವಾಗಿಯೇ ಸಿಗುತ್ತಾರೆ. ಯಾರನ್ನೂ ಬಲವಂತವಾಗಿ ಸೇರಿಸಬೇಕಿಲ್ಲ. ಡೇಂಗ್ ಕೂಡ ಆ ದಾರಿಯಲ್ಲೇ ಇರುತ್ತಾನೆ, ಆಗ ಅವನ ಸಾವು ಇನ್ನಷ್ಟು ಚುಚ್ಚುತ್ತದೆ.

ಇಂಥ ಚಿತ್ರಕ್ಕೆ ಬೇಕಾದ ನೆನಪುಗಳು ಕಾಗದದಲ್ಲಿ ಕಡಿಮೆ, ಜನರ ಬಾಯಲ್ಲಿ ಜಾಸ್ತಿ. 1956ರಲ್ಲಿ ಇಪ್ಪತ್ತು ವರ್ಷವಾಗಿದ್ದವರಿಗೆ ಈಗ ತೊಂಬತ್ತರ ಆಸುಪಾಸು. ಯಾವ್ವರಾತಿನ ಗಲ್ಲಿಗಳಲ್ಲಿ, ಇಸಾನಿನ ಹಳ್ಳಿಗಳಲ್ಲಿ ಅವರಲ್ಲಿ ಕೆಲವರಾದರೂ ಇದ್ದಾರೆ. 2012ರ ಚಿತ್ರತಂಡ ರೌಡಿಗಳ ಬಗ್ಗೆ ಕೇಳಲು ಕ್ಯಾಮೆರಾ ಹಿಡಿದು ಹೋದಂತೆ, ಅವರವರ ಬದುಕಿನ ಬಗ್ಗೆ ಕೇಳಲು ಯಾರಾದರೂ ಈಗಲೇ ಹೊರಡಬೇಕು.